ಜೀಪಿಗೆ ಜ್ವರ ಬಂದ ವಾರ

ಇಡೀ ಬೀದರ ಜಿಲ್ಲೆಯಲ್ಲಿ ಮೋಟಾರು ಗಾಡಿಯ ಅಡಿಗೆ ತೂರಿ, ಅದಕ್ಕೆ ಥರ್ಮಾಮೀಟರ್ ಇಟ್ಟು ಜ್ವರ ನೋಡಿದ ಏಕೈಕ ಹೆಂಗಸು ನಮ್ಮ ಅತ್ತೆ ಎಂದು ನಾನು ಪಂಥ ಕಟ್ಟಿ ಹೇಳಬಲ್ಲೆ. ಅಂಥ ಎರಡನೆಯವರು ಯಾರಾದರೂ ಇದ್ದರೆ ದಯವಿಟ್ಟು ನಮ್ಮ ಅತ್ತೆಗೆ ಪರಿಚಯ ಮಾಡಿಸಬೇಡಿ. ಒಬ್ಬಳನ್ನು ಸಂಭಾಳಿಸುವುದೇ ನಮಗೆ ಸಾಕಾಗಿದೆ!

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನನ್ನ ತಂದೆಯ ಅಕ್ಕ. ಔರಾದ ತಾಲೂಕಿನ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ನರ್ಸಾಗಿದ್ದು, ನಿವೃತ್ತಿಯಾಗಿ ಈಗ ಭಾಲ್ಕಿಯಲ್ಲಿದ್ದಾಳೆ. ನಿವೃತ್ತಿ ಎನ್ನುವುದು ಸರ್ಕಾರದ ಅಭಿಪ್ರಾಯ, ಅವಳದಲ್ಲ. ಪರೀಕ್ಷಿಸಲು ಮನುಷ್ಯರು ಸಿಗದಿದ್ದರೆ ಯಂತ್ರಗಳಾದರೂ ಆದೀತು. ಬೀದರದ ನಮ್ಮ ಮನೆಗೆ ಬಂದರೆ ಕೈಚೀಲ ಇಳಿಸುವ ಮುಂಚೆಯೇ ಫ್ರಿಜ್ಜಿನ ಪಕ್ಕೆಗೆ ಅಂಗೈ ಇಟ್ಟು, "ಉಸರು ಕಟ್ಲತದ ಇದಕ್ಕ. ಗ್ವಾಡಿಯಿಂದ ನಾಕು ಬಟ್ಟು ಈಚಿ ಸರಸ್ರಿ" ಎನ್ನುತ್ತಾಳೆ. ಆಮೇಲೆ ನನ್ನ ಆರೋಗ್ಯ ವಿಚಾರಿಸುತ್ತಾಳೆ. ಅದೂ ನೆನಪಾದರೆ!

ಒಮ್ಮೆ ಔರಾದ ಬಸ್ಸಿನಲ್ಲಿ ಹೋಗುವಾಗ ಸೀಟು ಬಿಟ್ಟೆದ್ದು ಡ್ರೈವರನ ಬಳಿಗೆ ಹೋದಳಂತೆ. "ತಮ್ಮಾ, ನಿನ್ನ ಗಾಡಿಗಿ ದಮ್ಮು ಹತ್ಯದ. ಕ್ಲಚ್ ಸುಟ್ಟ ವಾಸನಿ ಬರ್ಲತದ, ನಿಂದರಸು."

ಡ್ರೈವರ್ ಕೆರಳಿದ. "ಅಮ್ಮಾರಿ, ಡ್ರೈವರ್ ನಾ ಇದ್ದೀನೋ ನೀವು ಇದ್ದೀರೋ?"

ಮೂರು ಮೈಲು ದಾಟುವುದರೊಳಗೆ ಬಸ್ಸು ಹೊಗೆಯುಗುಳಿ ನಿಂತಿತು. ಬೇರೆ ಯಾರೇ ಆಗಿದ್ದರೂ "ನಾ ಹೇಳಿದ್ದೆ ನೋಡು" ಎನ್ನುತ್ತಿದ್ದರು. ಅತ್ತೆ ಅನ್ನಲಿಲ್ಲ. ಡ್ರೈವರನ ಮಣಿಕಟ್ಟು ಹಿಡಿದು ನಾಡಿ ನೋಡಿ, "ಬಸ್ಸಿಂದು ಹೋಗ್ಲಿ, ನಿನಗ ಬಿ.ಪಿ. ಏರ್ಯದ. ಮದಲ ನೀ ನೆಳ್ಳಾಗ ಕೂಡು" ಎಂದಳು.

ಈ ವಿದ್ಯೆ ಅವಳಿಗೆ ಬಂದದ್ದು ಇಲಾಖೆಯ ಹಳೆಯ ಜೀಪಿನಿಂದ. ಆ ಜೀಪು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ನಿಂತಲ್ಲೆಲ್ಲ ಡ್ರೈವರ್ ಅಡಿಗೆ ತೂರುತ್ತಿದ್ದ, ಅತ್ತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದೊಂದು ಭಾಗವನ್ನೂ ಕೇಳಿ ತಿಳಿಯುತ್ತಿದ್ದಳು. ಜೊತೆಗೆ ಎಕಂಬಾದ ಸೂಲಗಿತ್ತಿಯೊಬ್ಬಳು ಯಾವಾಗಲೂ ಇರುತ್ತಿದ್ದಳು. ಅತ್ತೆ ಅವಳನ್ನು ಆಯಿ ಎಂದು ಕರೆಯುತ್ತಾಳೆ. ಹೊಸದಾಗಿ ನೌಕರಿಗೆ ಬಂದು, ಮೊದಲ ಹೆರಿಗೆಯಲ್ಲಿ ದಿಕ್ಕು ತೋಚದೆ ನಿಂತ ಅತ್ತೆಗೆ ಧೈರ್ಯ ಹೇಳಿಕೊಟ್ಟವಳು ಈ ಆಯಿ. ಕೆಟ್ಟು ನಿಂತ ಜೀಪಿನಲ್ಲೇ ಇವರಿಬ್ಬರೂ ಸೇರಿ ಎರಡು ಹೆರಿಗೆ ಮಾಡಿಸಿದ್ದಾರೆ. ಆಯಿ ತನ್ನ ಸೀರೆಯನ್ನೇ ಪರದೆ ಕಟ್ಟಿದ್ದಳಂತೆ. ಎರಡೂ ಗಂಡು. ಎರಡಕ್ಕೂ ಡ್ರೈವರನ ಹೆಸರನ್ನೇ ಇಟ್ಟರಂತೆ. "ಎಲ್ಲಾ ಕೆಲಸಾ ಮಾಡಿದವರು ನಾವು, ಹೆಸರು ಮಾತ್ರ ಗಾಡಿ ಕೆಡಿಸ್ಕೊಂಡಾವಂದು!" ಎಂದು ಅತ್ತೆ ಈಗಲೂ ಸಿಡಿಮಿಡಿಗೊಳ್ಳುತ್ತಾಳೆ.

ಇನ್ನು ನನ್ನ ವಿಷಯ. ನಗುವುದಕ್ಕೆ ಇನ್ನೂ ಒಳ್ಳೆಯ ಸರಕು ಅಲ್ಲಿದೆ.

ನಾನು ಬೀದರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಕಲಿಸುವ ಮೇಷ್ಟ್ರು. ಪ್ರತಿ ವರ್ಷ ಬಣ್ಣಬಣ್ಣದ ಸೀಮೆಸುಣ್ಣದಲ್ಲಿ ಡಿಫರೆನ್ಷಿಯಲ್ಲಿನ ಚಿತ್ರ ಬರೆಯುತ್ತೇನೆ. ಗಾಡಿಯ ಹಿಂದಿನ ಎರಡು ಚಕ್ರಗಳ ನಡುವೆ ಬೋರಲು ಹಾಕಿದ ಗಡಿಗೆಯಂತೆ ಕಾಣುವುದೇ ಅದು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಇಬ್ಬರಿಗೂ ಜಗಳವಾಗದಂತೆ ಒಳಗಿನ ಹಲ್ಲುಚಕ್ರಗಳು ಓಟವನ್ನು ಹಂಚಿಕೊಡುತ್ತವೆ. ಇದನ್ನು ನಾನು ಎಷ್ಟು ಚಂದ ಬರೆಯುತ್ತೇನೆಂದರೆ, ಹುಡುಗರು ಅಳಿಸಲು ಬಿಡದೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಆದರೆ ಒಂದು ಗುಟ್ಟು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಯಾವ ಡಿಫರೆನ್ಷಿಯಲ್ಲನ್ನೂ ನನ್ನ ಕೈಯಾರೆ ಬಿಚ್ಚಿರಲಿಲ್ಲ. ಸೀಮೆಸುಣ್ಣಕ್ಕೆ ಎಣ್ಣೆ ಜಿಡ್ಡು ತಾಗಬಾರದು ನೋಡಿ!

ನನ್ನಲ್ಲೊಂದು ಹಳೆಯ ಜೀಪಿದೆ. ಹೆಂಡತಿ ಅದನ್ನು ಜೀಪು ಎನ್ನುವುದಿಲ್ಲ, 'ಅದು' ಎನ್ನುತ್ತಾಳೆ. ಒಂದು ಬೆಳಿಗ್ಗೆ ಅವಳು ಪೊರಕೆ ಹಿಡಿದುಕೊಂಡೇ ಒಳಗೆ ಬಂದಳು. "ಏನ್ರಿ, ನಾ ರಂಗೋಲಿ ಹಾಕೋ ಜಾಗದಾಗ ಅದು ತನ್ನ ರಂಗೋಲಿ ಹಾಕ್ಲತದ. ಬಂದು ನೋಡ್ರಿ."

ಹೋಗಿ ನೋಡಿದೆ. ಎಂಜಿನ್ನಿನಿಂದ ಬರುವ ಉದ್ದನೆಯ ತಿರುಗುದಂಡ ಡಿಫರೆನ್ಷಿಯಲ್ಲಿನ ಕತ್ತಿನಂಥ ಮುಂಭಾಗಕ್ಕೆ ಕೂಡುವ ಜಾಗದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒಳಗಿನ ರಬ್ಬರ್ ಸೀಲು ಹೋಗಿದೆ, ಅಷ್ಟೇ. ಯಾವ ಮೆಕ್ಯಾನಿಕ್ಕಿಗಾದರೂ ಕೊಟ್ಟಿದ್ದರೆ ಅರ್ಧ ದಿನದ ಕೆಲಸ. ಆದರೆ ಮೊಬೈಲಿನಲ್ಲಿ ಒಬ್ಬ ಪುಣ್ಯಾತ್ಮ ಅದನ್ನೇ ಹನ್ನೊಂದು ನಿಮಿಷದಲ್ಲಿ ಮಾಡಿ ತೋರಿಸಿದ್ದ. ಹನ್ನೊಂದು ನಿಮಿಷದ ವಿದ್ಯೆ ಇಪ್ಪತ್ತೆರಡು ವರ್ಷದ ಮೇಷ್ಟ್ರಿಗೆ ಯಾವ ಲೆಕ್ಕ?

ರವಿವಾರ ಅಂಗಳದಲ್ಲಿ ತಾಡಪತ್ರಿ ಹಾಸಿ ಜೀಪಿನಡಿ ಮಲಗಿದೆ. ದಂಡ ಬಿಚ್ಚಿದೆ, ಕತ್ತಿನ ದೊಡ್ಡ ನಟ್ಟು ಬಿಚ್ಚಿದೆ, ಹಳೆಯ ಸೀಲು ಕಿತ್ತೆ, ಹೊಸದನ್ನು ಬಡಿದೆ. ಇನ್ನು ನಟ್ಟು ಬಿಗಿಯುವ ಶುಭಕಾರ್ಯ. ಬಿಚ್ಚುವ ಮೊದಲು ಆ ನಟ್ಟು ಎಲ್ಲಿಗೆ ನಿಂತಿತ್ತೆಂದು ಗುರುತು ಮಾಡಿಕೊಳ್ಳಬೇಕು. ಹುಡುಗರಿಗೆ ನಾನೇ ಹೇಳುತ್ತೇನೆ. ಅಂದು ಮಾತ್ರ ಮರೆತೆ. ಮರೆತದ್ದನ್ನು ಮುಚ್ಚಲು ಒಂದು ಸಿದ್ಧಾಂತ ಕಂಡುಹಿಡಿದೆ: ಬಿಗಿಯಾದಷ್ಟೂ ಭದ್ರ! ನಟ್ಟು ತಿರುಗಿಸುವ ಪಾನಾದ ಹಿಡಿಕೆಗೆ ಮಾರುದ್ದದ ಕಬ್ಬಿಣದ ಕೊಳವೆ ತೂರಿಸಿ ಎರಡೂ ಕಾಲಿನಿಂದ ಒದ್ದೆ.

ಹೆಂಡತಿ ಹೊಸ್ತಿಲಲ್ಲೇ ನಿಂತು ಕೇಳಿದಳು. "ಸಾಕಾಗಂಗಿಲ್ಲೇನ್ರಿ? ಅದು ಕುಂಯ್ ಕುಂಯ್ ಅನ್ಲತದಲ್ಲ."

"ಅದು ಗಟ್ಟಿ ಆಗೋ ಸದ್ದು. ನಿನಗ ತಿಳ್ಯಂಗಿಲ್ಲ" ಎಂದೆ. ತಿಳಿಯದಿದ್ದದ್ದು ಯಾರಿಗೆ ಎನ್ನುವುದು ಮುಂದಿನ ವಾರ ಜಗಜ್ಜಾಹೀರಾಯಿತು.

ಮರುದಿನ ಅಂಗಳದಲ್ಲಿ ಒಂದು ತೊಟ್ಟೂ ಎಣ್ಣೆಯಿಲ್ಲ! ಕಾಲೇಜಿನಲ್ಲಿ ಸಹೋದ್ಯೋಗಿಗಳಿಗೆ ಚಹಾ ಕುಡಿಸಿದೆ. ಮನೆಯವರ ವಾಟ್ಸಾಪ್ ಗುಂಪಿಗೆ ಜಿಡ್ಡು ಮೆತ್ತಿದ ಅಂಗೈಯ ಫೋಟೋ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಅತ್ತೆ ಮಾತ್ರ, "ಕೈ ತೊಳ್ಕೊ" ಎಂದು ಬರೆದಳು.

ಮುಂದಿನ ಸೋಮವಾರ ಅವಳದೇ ಫೋನು ಬಂತು. ಎಕಂಬಾದ ಆಯಿಗೆ ಎರಡೂ ಕಣ್ಣಲ್ಲಿ ಪೊರೆ ಬೆಳೆದು, ಹತ್ತು ವರ್ಷದಿಂದ ಬೆಳಕು-ಕತ್ತಲೆಯಷ್ಟೇ ಕಾಣುತ್ತಿತ್ತು. ಆಪರೇಷನ್ ಎಂದರೆ ಮುದುಕಿ ಜಪ್ಪಯ್ಯ ಅನ್ನುತ್ತಿರಲಿಲ್ಲ. ಎರಡು ವರ್ಷ ಬೆನ್ನು ಹತ್ತಿ ಅತ್ತೆ ಅವಳನ್ನು ಒಪ್ಪಿಸಿದ್ದಳು. ಶುಕ್ರವಾರ ಭಾಲ್ಕಿಯಲ್ಲಿ ಕಣ್ಣಿನ ಶಿಬಿರ. ಆಯಿಗೆ ಮುರಿದು ಕೂಡಿದ ಕಾಲು ಮಡಚಲು ಬರುವುದಿಲ್ಲ, ಹೀಗಾಗಿ ಬಸ್ಸೂ ಆಗದು, ಬಾಡಿಗೆ ಕಾರೂ ಆಗದು. ಜೀಪಿನ ಹಿಂದಿನ ಉದ್ದ ಸೀಟೇ ಆಗಬೇಕು.

"ಇವತ್ತೇ ಹೋಗಿ ಕರ್ಕೊಂಡು ಬಂದು ಮನ್ಯಾಗ ಇಟ್ಕೋತೇನಿ" ಎಂದಳು ಅತ್ತೆ. "ಆಕಿ ಮನಸ್ಸು ಯಾವಾಗ ತಿರುಗ್ತದೋ ಹೇಳಾಕ ಬರಂಗಿಲ್ಲ. ನಿನ್ನ ಗಾಡಿ ಬರೋಬರಿ ಅದನೋ ಇಲ್ಲೋ?"

"ನಾನೇ ರಿಪೇರಿ ಮಾಡೇನಿ" ಎಂದೆ ಎದೆಯುಬ್ಬಿಸಿ.

"ಅದಕ್ಕೇ ಕೇಳ್ಲತ್ತೀನಿ" ಎಂದಳು.

ಕಾಲೇಜಿಗೆ ರಜೆ ಹೇಳಿ ಹೊರಟೆ. ಬೀದರ ಬಿಟ್ಟು ಅರ್ಧ ದಾರಿಗೆ ಬಂದಾಗ ಹಿಂದಿನಿಂದ 'ಊಂಽಽಽ' ಎಂದು ಸಣ್ಣಗೆ ಶುರುವಾಯಿತು. ದೋಷ ಪತ್ತೆ ಹಚ್ಚಲು ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ದಾಖಲಿಸುತ್ತೇನೆ. ಮೊದಲು ಗಾಳಿ ಎಂದುಕೊಂಡೆ, ಕಿಟಕಿ ಮುಚ್ಚಿದೆ. ಆಮೇಲೆ ರಸ್ತೆಯೇ ಒರಟು ಎಂದುಕೊಂಡೆ. ಕೊನೆಗೆ ರೇಡಿಯೋ ಜೋರು ಮಾಡಿದೆ. ಸದ್ದು ಪೂರ್ತಿ ನಿಂತಿತು!

ಭಾಲ್ಕಿಯಲ್ಲಿ ಅತ್ತೆ ಹತ್ತಿ ಕೂತು ಮಾಡಿದ ಮೊದಲ ಕೆಲಸವೆಂದರೆ ರೇಡಿಯೋ ಬಂದ್ ಮಾಡಿದ್ದು. ಕಮಲನಗರದ ದಾರಿ ಹಿಡಿದು ಒಂದಷ್ಟು ದೂರ ಹೋದೆವು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು.

"ಅಳ್ಲತದ" ಎಂದಳು.

"ಯಾರು?"

"ನಿನ್ನ ಗಾಡಿ. ಸ್ವಲ್ಪ ಜೋರು ಹೊಡಿ. ಹ್ಞಾಂ. ಈಗ ಕಾಲು ತಗಿ. ಆಗೂ ಅಳ್ತದ. ಈಗ ಈ ಇಳಕಲ ದಾರ್ಯಾಗ ಗಿಯರ್ ತಗದು ಸುಮ್ನ ಬಿಡು."

ಬಿಟ್ಟೆ. ಎಂಜಿನ್ನಿನ ಸದ್ದು ಇಳಿದರೂ ಊಂಕಾರ ನಿಲ್ಲಲಿಲ್ಲ.

"ಎಂಜಿನ್ನಿಂದಲ್ಲ. ಎಡಕ್ಕ ತಿರುಗಿಸು, ಬಲಕ್ಕ ತಿರುಗಿಸು. ಎರಡೂ ಕಡಿ ಒಂದೇ ರಾಗ. ಅಂದ್ರ ಗಾಲಿ ಬೇರಿಂಗೂ ಅಲ್ಲ. ನಿಂದರಸು."

ಇದೇ ಕ್ರಮವನ್ನು ನಾನು ಕಪ್ಪುಹಲಗೆಯ ಮೇಲೆ ನಾಲ್ಕು ಬಣ್ಣದಲ್ಲಿ ಬರೆಯುತ್ತೇನೆ! ಅತ್ತೆ ಇಳಿದು ನಾಲ್ಕೂ ಚಕ್ರದ ನಡುವೆ ಅಂಗೈ ಇಟ್ಟಳು. ತಣ್ಣಗಿದ್ದವು. ಸೆರಗು ಸಿಕ್ಕಿಸಿ, ಎಪ್ಪತ್ತು ದಾಟಿದ ಹೆಂಗಸು, ನಡುರಸ್ತೆಯ ಬದಿಯಲ್ಲಿ ಜೀಪಿನಡಿ ತೂರಿದಳು. ಹಾದು ಹೋಗುತ್ತಿದ್ದ ಒಬ್ಬ ಟ್ರ್ಯಾಕ್ಟರಿನವನು ಗಾಬರಿಯಿಂದ ನಿಲ್ಲಿಸಿ, "ಕಾಯ್ ಝಾಲಂ, ಏನಾತು? ಅಜ್ಜಿ ಗಾಡಿ ಕೆಳಗ ಬಂದಾಳೇನ್ರಿ?" ಎಂದು ಕೇಳಿದ. ನನ್ನ ಕಡೆ ನೋಡಿದ ರೀತಿಯಲ್ಲಿ ನಾನೇ ಹಾಯಿಸಿದ್ದೇನೆ ಎಂಬ ಗುಮಾನಿಯಿತ್ತು. "ನಾ ಬರೋಬರಿ ಇದ್ದೇನಿ, ನೀ ನಡಿ!" ಎಂದು ಅತ್ತೆ ಅಡಿಯಿಂದಲೇ ಕೂಗಿದಳು.

ಆಮೇಲೆ ಒಂದು ಕೈ ಹೊರಬಂತು. "ನನ್ನ ಚೀಲದಾಗಿಂದು ಥರ್ಮಾಮೀಟರ್ ಕೊಡು."

ಕೊಟ್ಟೆ. ಬ್ಯಾಟರಿಯ ಹೊಸ ಮಾದರಿ ಅದು. ಕೀಂ ಕೀಂ ಎಂದಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡೇ ಅಕ್ಷರ. ಓದಿ ನಾನು ಬೆಪ್ಪಾದೆ. "ಅತ್ತಿ, ಇದು ನಿನಗ ಹಾಯ್ ಅನ್ಲತದ!"

"ಮಾತಾಡಸ್ಲತಿಲ್ಲ ಅದು. ಹೈ ಅಂತ ಬರದದ. ಅಳತಿ ಮೀರಿ ಸುಡ್ಲತದ ಅಂತ" ಎನ್ನುತ್ತ ಅತ್ತೆ ಹೊರಬಂದಳು. "ಡಿಫರೆನ್ಷಿಯಲ್ ಹೊಟ್ಟಿ ಬೆಚ್ಚಗದ, ಕತ್ತು ಕೈ ಇಡಾಕ ಬರಲಾರದಂಗ ಸುಡ್ಲತದ. ಕತ್ತಿಗಿ ಏನು ಮಾಡಿದಿ?"

ಕಬ್ಬಿಣದ ಕೊಳವೆಯ ಕಥೆ ಹೇಳಿದೆ. ಎರಡೂ ಕಾಲಿನಿಂದ ಒದ್ದದ್ದನ್ನು ಮಾತ್ರ ಒಂದು ಕಾಲು ಎಂದು ತಿದ್ದಿದೆ.

ಅತ್ತೆ ನನ್ನನ್ನೇ ದಿಟ್ಟಿಸಿದಳು. "ಕೂಸಿಗಿ ಕುಲಾಯಿ ಕಟ್ಟಾಗ ಗದ್ದದ ಬುಡಕ ಒಂದು ಬಟ್ಟು ಹೋಗಬೇಕು. ಅಷ್ಟು ಸಡ್ಲ ಇರಬೇಕು. ನೀ ಕುಲಾಯಿ ಕಟ್ಟಿಲ್ಲ, ನೇಣು ಹಾಕಿದಿ. ಇದು ಎಕಂಬಾ ಮುಟ್ಟಂಗಿಲ್ಲ. ಹಿಂದಕ್ಕ ತಿರುಗಿಸು."

ಎಕಂಬಾಕ್ಕೆ ಫೋನು ಮಾಡಿ, "ಆಯಿ, ಇವತ್ತ ಆಗಂಗಿಲ್ಲ. ಗುರುವಾರ ಬರ್ತೇನಿ. ಮನಸ್ಸು ಬದಲ್ ಮಾಡಬ್ಯಾಡ" ಎಂದು ಬೇಡಿಕೊಂಡಳು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. "ಬರದಿದ್ರೂ ನಡೀತದ ನನ್ನವ್ವ. ಹ್ಯಾಂಗೂ ರೂಢಿ ಆಗ್ಯದ." ಎತ್ತಿನಗಾಡಿಯ ವೇಗದಲ್ಲಿ, ನಡುನಡುವೆ ನಿಲ್ಲಿಸಿ ಕತ್ತು ಆರಿಸುತ್ತ ಭಾಲ್ಕಿಗೆ ಮರಳುವವರೆಗೂ ಅತ್ತೆ ಫೋನನ್ನು ಮಡಿಲಲ್ಲಿ ಹಿಡಿದು ದಾರಿಯನ್ನೇ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಭಾಲ್ಕಿಯಲ್ಲಿ ಅತ್ತೆಗೆ ಗೊತ್ತಿರುವ ಒಬ್ಬ ಉಸ್ತಾದರಿದ್ದಾರೆ. ಬಿಳಿ ಗಡ್ಡ, ಕಿವಿಯ ಮೇಲೆ ಸಿಗರೇಟು. ಅತ್ತೆಯನ್ನು ಕಂಡೊಡನೆ ಆ ಸಿಗರೇಟು ಕಿಸೆಗೆ ಇಳಿಯಿತು. ಕತ್ತು ಬಿಚ್ಚಿ ಒಳಗಿನ ಬೇರಿಂಗು ಎತ್ತಿ ಹಿಡಿದರು. ಬೆಳ್ಳಗಿರಬೇಕಾದ ಉಕ್ಕು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎರಡು ಬೇರಿಂಗಿನ ನಡುವೆ ಒಂದು ತೆಳು ಲೋಹದ ಕೊಳವೆ ಇರುತ್ತದೆ. ನಟ್ಟು ಬಿಗಿದಂತೆ ಅದು ಹದವಾಗಿ ನಲುಗಿ, ಬೇಕಾದಷ್ಟೇ ಬಿಗಿ ಕೊಡಬೇಕು. ನನ್ನದು ಆನೆ ತುಳಿದ ಡಬ್ಬದಂತಾಗಿತ್ತು.

ಉಸ್ತಾದರು ವಿನಯದಿಂದ ಕೇಳಿದರು. "ಸರ್, ಏಕ್ ಬಾತ್ ಬೋಲೋ. ಈ ನಟ್ಟಿನ ಮ್ಯಾಲ ನಿಮ್ಮದು ಏನು ದುಶ್ಮನಿ ಇತ್ತು?"

ಹೊಸ ಬೇರಿಂಗು, ಹೊಸ ಕೊಳವೆ ತರಲು ನನ್ನನ್ನು ಬಸ್ಸಿನಲ್ಲಿ ಬೀದರಕ್ಕೆ ಅಟ್ಟಿದರು. ಬಿಡಿಭಾಗಗಳ ಅಂಗಡಿಯ ಮಾಲೀಕ ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದ. ನನ್ನ ಹಳೆಯ ವಿದ್ಯಾರ್ಥಿ! ಅಲ್ಲಿಯವರೆಗೆ ಖುಷಿಯೇ. ಬೇಕಾದ್ದನ್ನು ಹೇಳಿದೆ. ಅವನು ತಲೆ ಕೆರೆದುಕೊಂಡ.

"ಸರ್, ಈ ಕೊಳವಿ ಹ್ಯಾಂಗ ಹೋತ್ರಿ? ಸೀಲು ಬದಲಿ ಮಾಡಾಗ ನಟ್ಟಿಗಿ ಗುರ್ತು ಹಾಕ್ಕೋಬೇಕು, ಅದೇ ಗುರ್ತಿಗಿ ತಂದು ನಿಂದರಸಬೇಕು ಅಂತ ನೀವೇ ಕಲಿಸೀರಲ್ರಿ. ಪರೀಕ್ಷಾದಾಗ ಇದನ್ನ ಬರೀಲಿಲ್ಲಂತ ನನಗ ನಾಪಾಸ್ ಮಾಡೀರಿ!"

"ಯಾರೋ ತಿಳಿಗೇಡಿ ಮಾಡ್ಯಾನಪ್ಪ" ಎಂದೆ. ಅದರಲ್ಲಿ ಸುಳ್ಳೇನಿತ್ತು?

ಬುಧವಾರ ಜೋಡಣೆ. ಹೊಸ ಕೊಳವೆಯನ್ನು ಎಷ್ಟು ಬಿಗಿಯಬೇಕು ಎನ್ನುವುದೇ ಇಡೀ ರಿಪೇರಿಯ ಜೀವಾಳ. ಕತ್ತಿನ ತುದಿಯಲ್ಲಿ ದಂಡ ಕೂಡುವ ಚಕ್ರಕ್ಕೆ ಹಗ್ಗ ಸುತ್ತಿ ಕೊಕ್ಕೆ ತಕ್ಕಡಿಯಿಂದ ಎಳೆದು, ಎಷ್ಟು ಭಾರಕ್ಕೆ ತಿರುಗುತ್ತದೆ ಎಂದು ನೋಡಬೇಕು. ಉಸ್ತಾದರ ತಕ್ಕಡಿಯ ಮುಳ್ಳು ಮುರಿದಿತ್ತು. "ನಕ್ಕೋ ಸಿಸ್ಟರಮ್ಮ, ತಕ್ಕಡಿ ಬ್ಯಾಡ, ಅಂದಾಜಿಲೆ ಮಾಡ್ತೀನಿ. ನನ್ನ ಕೈಗಿ ಗೊತ್ತಾಗ್ತದ" ಎಂದರು.

"ಅಂದಾಜಿಲೆ ಸೂಜಿ ಚುಚ್ಚಿದ್ರ ನಡೀತದೇನು?" ಎಂದ ಅತ್ತೆ ಮನೆಗೆ ಹೋಗಿ ಬಂದಳು. ಕೈಯಲ್ಲಿ ದುಂಡನೆಯ ಮುಖದ, ಕೊಕ್ಕೆಯಿರುವ ತಕ್ಕಡಿ! ಹಳ್ಳಿಗಳಲ್ಲಿ ಎಳೆಗೂಸುಗಳನ್ನು ಜೋಳಿಗೆಯಲ್ಲಿ ತೂಗಲು ಅವಳು ಬಳಸುತ್ತಿದ್ದದ್ದೇ ಅದು.

ಲೆಕ್ಕ ಹಾಕುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಪಾನಾ ಮುಟ್ಟಲು ನನಗೆ ಅಪ್ಪಣೆಯಿರಲಿಲ್ಲ, ಪೆನ್ಸಿಲಿಗೆ ಇತ್ತು. ರಟ್ಟಿನ ಡಬ್ಬದ ಮೇಲೆ ಗುಣಿಸಿ ಭಾಗಿಸಿ ಗಂಭೀರವಾಗಿ ಸಾರಿದೆ. "ಒಂದೂವರೆ ಕೇಜಿ."

ಉಸ್ತಾದರು ಹುಬ್ಬು ಗಂಟಿಕ್ಕಿದರು. ಅತ್ತೆ ಥಟ್ಟನೆ, "ಒಂದೂವರೆ ಕೇಜಿನಾ? ಅದು ದಿನ ತುಂಬೋಕ್ಕ ಮುಂಚಿ ಹುಟ್ಟಿದ್ದು ಆಗ್ತದ. ಮತ್ತೊಮ್ಮಿ ನೋಡು" ಎಂದಳು.

ನೋಡಿದೆ. ಚಕ್ರದ ನಡುವಿನಿಂದ ಅಂಚಿನವರೆಗಿನ ಅಳತೆ ಹಿಡಿಯಬೇಕಾದಲ್ಲಿ ಇಡೀ ಅಗಲವನ್ನೇ ಹಿಡಿದಿದ್ದೆ! ಇದು ಮೊದಲ ವರ್ಷದ ಹುಡುಗರು ಮಾಡುವ ತಪ್ಪು. ಎರಡನೆಯ ವರ್ಷಕ್ಕೆ ಬಂದವರು ಮಾಡುವುದಿಲ್ಲ. ತಿದ್ದಿ ಮೂರು ಕೇಜಿ ಎಂದೆ.

ಉಸ್ತಾದರು ನಟ್ಟನ್ನು ಕೂದಲೆಳೆಯಷ್ಟು ತಿರುಗಿಸುವುದು, ಅತ್ತೆ ಹಗ್ಗ ಎಳೆದು ಮುಳ್ಳು ನೋಡುವುದು. ಒಂದು ಕೇಜಿ. ಮತ್ತೆ ಕೂದಲೆಳೆ. ಎರಡು. ಮತ್ತೆ. ಹೆಚ್ಚು ಬಿಗಿದರೆ ಕೊಳವೆ ಮತ್ತೆ ಹಾಳು, ಗುರುವಾರ ಕೈತಪ್ಪುತ್ತದೆ. ಕೊನೆಯ ಎಳೆತಕ್ಕೆ ಮುಳ್ಳು ಮೂರರ ಮೇಲೆ ನಿಂತು, ಚಕ್ರ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು.

"ಮೂರು ಕೇಜಿ! ಒಳ್ಳೆ ತೂಕದ ಕೂಸು!" ಎಂದು ಅತ್ತೆ ಕೂಗಿದಳು. "ಮುಬಾರಕ್!" ಎಂದರು ಉಸ್ತಾದರು. ನನಗಂತೂ ಪೇಡೆ ಹಂಚಬೇಕು ಅನ್ನಿಸಿತು.

ಗುರುವಾರ ಹೊರಟೆವು. ಕಮಲನಗರ ದಾಟಿತು, ಔರಾದ ದಾಟಿತು, ಊಂಕಾರವಿಲ್ಲ. ಆದರೂ ಅತ್ತೆ ಎರಡು ಕಡೆ ನಿಲ್ಲಿಸಿ ಕತ್ತು ಮುಟ್ಟಿ ನೋಡಿದಳು. ಎಕಂಬಾದಲ್ಲಿ ಆಯಿ, ಇಸ್ತ್ರಿಯ ಸೀರೆ ಉಟ್ಟು, ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಸೋಮವಾರವೂ ಹೀಗೇ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಿದ್ದಳು, ಫೋನು ಬಂದ ಮೇಲೂ ಏಳಲಿಲ್ಲ ಎಂದು ಅವಳ ಸೊಸೆ ಹೇಳಿದಳು. ನನಗೆ ಆ ಕಬ್ಬಿಣದ ಕೊಳವೆಯನ್ನು ಬಾವಿಗೆ ಎಸೆಯಬೇಕು ಅನ್ನಿಸಿತು. ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿದೆವು. ಭಾಲ್ಕಿ ಬರುವವರೆಗೂ ಇಬ್ಬರೂ ಹಳೆಯ ಹೆರಿಗೆಗಳನ್ನೆಲ್ಲ ಮತ್ತೊಮ್ಮೆ ಮಾಡಿಸಿದರು.

ಶುಕ್ರವಾರ ಒಂದು ಕಣ್ಣಿಗೆ ಆಪರೇಷನ್ ಆಯಿತು. ಶನಿವಾರ ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿ, "ಮೆಲ್ಲಗ ಕಣ್ಣು ತಗೀರಿ. ಕಣ್ಣಿಗಿ ನೀರು ತಾಗಬಾರದು ನೋಡ್ರಿ" ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ಆಯಿ ಕಣ್ಣು ಪಿಳುಕಿಸಿದಳು. ಗೋಡೆ ನೋಡಿದಳು. ಕಿಟಕಿಯ ಬೇವಿನ ಗಿಡ ನೋಡಿದಳು. ನನ್ನನ್ನು ನೋಡಿ, "ಇಂವ ಡ್ರೈವರ್ ಏನು? ಹೊಟ್ಟಿ ಭಾಳ ಬಂದದ" ಎಂದಳು. ಪಕ್ಕದ ಮಂಚದವರೆಲ್ಲ ನಕ್ಕರು. ಆಮೇಲೆ, ಎದುರಿಗೇ ನಿಂತಿದ್ದ ಅತ್ತೆಯ ಮೇಲೆ ಕಣ್ಣು ಹಾಯಿಸಿ, ಅಲ್ಲಿಂದ ಬಾಗಿಲ ಕಡೆಗೆ ಹೊರಳಿ ಕೇಳಿದಳು.

"ನರ್ಸಬಾಯಿ ಎಲ್ಲಿ?"

"ಇಲ್ಲೇ ಇದ್ದೇನಲ್ಲ ಆಯಿ" ಎಂದಳು ಅತ್ತೆ.

ದನಿ ಕೇಳಿ ಆಯಿ ಬೆಚ್ಚಿದಳು. ಅವಳು ಕೊನೆಯ ಸಲ ಕಣ್ತುಂಬ ನೋಡಿದಾಗ ಅತ್ತೆಯ ಕೂದಲು ಕಪ್ಪಗಿತ್ತು, ಬಾಯಲ್ಲಿ ಹಲ್ಲು ಪೂರ್ತಿ ಇದ್ದವು. ಅದೇ ಮುಖವನ್ನು ಹತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಈಗ ಕೈ ಚಾಚಿ ಅತ್ತೆಯ ಗಲ್ಲ ಸವರಿದಳು, ಬೆಳ್ಳಗಿನ ಬೈತಲೆ ಸವರಿದಳು.

"ಅಯ್ಯ ನನ್ನ ಕೂಸೇ... ನನಗ ಕಾಣಲಾರದಾಗ ನೀ ಒಬ್ಬಾಕೇ ಮುದುಕಿ ಆದೇನವ್ವ?"

ಅತ್ತೆ ಮಂಚದ ಅಂಚಿಗೆ ಕೂತು, ಚಾಚಿದ ಆ ಕಾಲಿಗೆ ನೋವಾಗದಂತೆ ಬಾಗಿ, ಆಯಿಯ ಮಡಿಲಲ್ಲಿ ತಲೆಯಿಟ್ಟಳು. ಕೈ ಮಾತ್ರ ಮೇಲೆತ್ತಿ, ಹೊಸ ಕಣ್ಣಿಗೆ ನೀರು ತಾಗದಂತೆ ಅಳುತ್ತಿದ್ದ ಆಯಿಯ ಕೆನ್ನೆಗೆ ಸೆರಗಿನ ಚುಂಗು ಒತ್ತಿ ಹಿಡಿದಿದ್ದಳು. ತನ್ನ ಕಣ್ಣನ್ನು ಅವಳು ಒರೆಸಿಕೊಳ್ಳಲಿಲ್ಲ.